ಕಾಂಚನಮಾಲಾ ಸ್ಮರಣಾರ್ಥ

ಹಳೇಬೀಡು
19 ಜೂನ್ 2008

ಚಿರಂಜೀವಿ ದರ್ಶಿನಿಗೆ ದೊಡ್ಡಪ್ಪನ ಆಶೀರ್ವಾದ.

ಇಮೇಲ್ ತೆರೆಯಬೇಡಿ ಎಂದು ಹೇಳುವುದಕ್ಕೆ ಇನ್‌ಲ್ಯಾಂಡ್ ಪತ್ರ ಬರೆಯುವ ಕಂಪ್ಯೂಟರ್ ಮೇಡಂ ಈ ಸೀಮೆಯಲ್ಲಿ ನೀನೊಬ್ಬಳೇ ಇರಬೇಕು. ಪೋಸ್ಟಿನ ದ್ಯಾವಯ್ಯ ಅದನ್ನು ಕೈಗಿಡುವಾಗ, "ಏನ್ ಸ್ವಾಮಿ, ಇಂಟರ್‌ನೆಟ್ ಅಂಗಡೀಗೂ ನಾನೇ ಸೈಕಲ್ ತುಳೀಬೇಕಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಶ್ರುತಪಂಚಮಿಯ ದಿನ ಬಸದಿಯಲ್ಲಿ ನಾನು ಹಂಚಿದ ಸೀಡಿಯಲ್ಲಿ ವೈರಸ್ ಇದೆ ಎಂದು ಬರೆದಿದ್ದೀಯ. ಅದನ್ನು ಎಲ್ಲರಿಂದ ವಾಪಸ್ ತೆಗೆದುಕೊಳ್ಳಿ ಎಂದೂ ಬರೆದಿದ್ದೀಯ. ಅದು ಏನು ಸೀಡಿ ಎಂದು ಮರೆತೆಯಾ? ನಿನ್ನ ದೊಡ್ಡಮ್ಮ ತೀರಿಕೊಂಡ ಮೇಲೆ, ಅವಳು ಸ್ತೋತ್ರ ಹಾಡಿದ್ದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಕನ್ನಡ ಅಕ್ಷರ ಮೂಡಲು ಬೇಕಾದ ಫಾಂಟನ್ನೂ ಅದರಲ್ಲೇ ಸೇರಿಸಿ, ಮೇಲೆ 'ಕಾಂಚನಮಾಲಾ ಸ್ಮರಣಾರ್ಥ' ಎಂದು ಅಚ್ಚು ಹಾಕಿಸಿ ಕೊಟ್ಟ ಶಾಸ್ತ್ರದಾನ ಅದು. ನಮ್ಮವರು ಓಲೆಗರಿಯಲ್ಲಿ ಬರೆಸಿ ಕೊಟ್ಟರು, ಆಮೇಲೆ ಪುಸ್ತಕ ಕೊಟ್ಟರು, ನಾನು ಸೀಡಿ ಕೊಟ್ಟೆ. ಆ ದಿನ ಬಸದಿಯಲ್ಲಿ ನನ್ನನ್ನು 'ಗಂಡು ಅತ್ತಿಮಬ್ಬೆ' ಎಂದು ಕರೆದವರೂ ಇದ್ದಾರೆ. ವಯಸ್ಸಾದವರಿಗೆ ಏನೂ ಒತ್ತುವ ಕಷ್ಟ ಇರಬಾರದೆಂದು, ಸೀಡಿ ಒಳಗೆ ಹೋದ ಕೂಡಲೇ ತಾನಾಗಿ ದೀಪದ ಚಿತ್ರ ಬಂದು ಹಾಡು ಶುರುವಾಗುವ ಹಾಗೆ ಮಾಡಿದ್ದೆ. ಅದನ್ನು ಯಾರೂ ನನಗೆ ಕಲಿಸಿಕೊಟ್ಟಿರಲಿಲ್ಲ.

ನನ್ನ ಅಂಗಡಿಯ ಯಂತ್ರಗಳಿಗೆ ಯಾವ ರೋಗವೂ ಇಲ್ಲ. ಮೂರೂ ಕುದುರೆಯ ಹಾಗೆ ಓಡುತ್ತಿವೆ. ವೈರಸ್ ಹೇಗಿರುತ್ತದೆಂದು ನಾನು ನೋಡಿಲ್ಲವೇ? ಹಿಂದೊಮ್ಮೆ ಬಂದಾಗ ಪರದೆಯ ಮೇಲಿನ ಅಕ್ಷರ ನುಗ್ಗೆ ಎಲೆಯಂತೆ ಉದುರುತ್ತಿತ್ತು.

ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡ. ನಿನ್ನ ಅಮ್ಮ ದನಿಗೂಡಿಸಿದ್ದ ಹಾಡುಗಳನ್ನು ನಾನು ಸೀಡಿಗೆ ಹಾಕದೆ ಬಿಟ್ಟೆನೆಂದು ಮನೆಯಲ್ಲಿ ಏನಾದರೂ ಮಾತಾಯಿತೇ?

ನಿನ್ನ ದೊಡ್ಡಪ್ಪ,
ಚಂದ್ರರಾಜ


ಅರಸೀಕೆರೆ
27 ಜೂನ್ 2008

ಪೂಜ್ಯ ದೊಡ್ಡಪ್ಪನವರಿಗೆ ದರ್ಶಿನಿಯ ನಮಸ್ಕಾರ.

ಅಮ್ಮನಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಪತ್ರ ಓದಿ ಅಮ್ಮ, "ಭಾವನೋರಿಗೆ ಸಿಟ್ಟು ಬಂದ್ರೆ ಮೊದ್ಲು ನನ್ನ ಹೆಸರೇ ನೆನಪಾಗೋದು" ಎಂದು ಹಪ್ಪಳ ಒಣಗಿಸಲು ಹೋದರು.

ದೊಡ್ಡಪ್ಪ, ನೀವು ನೋಡಿದ್ದು ಹಳೆಯ ಕಾಲದ ವೈರಸ್. ಅದನ್ನು ಬರೆದವರಿಗೆ ಹೆಸರು ಬೇಕಿತ್ತು. ಅಕ್ಷರ ಉದುರಿಸಿ, ಪರದೆ ಕಪ್ಪು ಮಾಡಿ, ನಾನು ಬಂದಿದ್ದೇನೆ ನೋಡಿ ಎಂದು ತೋರಿಸಿಕೊಳ್ಳುತ್ತಿದ್ದರು. ಈಗಿನವರಿಗೆ ಹೆಸರು ಬೇಡ. ಇವರ ಪ್ರೋಗ್ರಾಮ್ ಯಂತ್ರವನ್ನು ಕೆಡಿಸುವುದಿಲ್ಲ. ಯಂತ್ರ ಚೆನ್ನಾಗಿ ಓಡಿದಷ್ಟೂ ಅದಕ್ಕೆ ಒಳ್ಳೆಯದು. ಸುಮ್ಮನೆ ಕೂತು ನೀವು ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಬರೆದಿಟ್ಟುಕೊಂಡು, ಇಂಟರ್‌ನೆಟ್ ಸಿಕ್ಕಾಗ ಯಾರಿಗೋ ಕಳಿಸುತ್ತದೆ. ಪಾಸ್‌ವರ್ಡ್, ಪತ್ರ, ಬ್ಯಾಂಕಿನ ಗುಟ್ಟು, ಎಲ್ಲ.

ನಿಮಗೆ ಇಲ್ಲಿನ ಕೊಬ್ಬರಿ ಮಂಡಿ ಗೊತ್ತಲ್ಲ. ಕಾಯಿ ಕೀಳುವವನು ಬೇರೆ, ಸುಲಿಯುವವನು ಬೇರೆ, ಮಂಡಿಗೆ ತರುವವನು, ಕೂಗುವ ದಲ್ಲಾಳಿ, ಕೊಂಡು ಉತ್ತರಕ್ಕೆ ಲಾರಿ ತುಂಬುವವನು, ಎಲ್ಲ ಬೇರೆ ಬೇರೆ. ಇದೂ ಹಾಗೇ. ಪ್ರೋಗ್ರಾಮ್ ಬರೆದವನು ತಾನು ಕದಿಯುವುದಿಲ್ಲ, ಅದನ್ನು ಮಾರುತ್ತಾನೆ. ಕೊಂಡವನು ಊರೂರಿಗೆ ಹರಡಿ ರಾಶಿ ಹಾಕುತ್ತಾನೆ. ಆ ರಾಶಿಯನ್ನು ಇನ್ನೊಬ್ಬ ಕೊಂಡು, ಇಮೇಲ್ ಬೇರೆ ಬ್ಯಾಂಕ್ ಬೇರೆ ಎಂದು ಆರಿಸುತ್ತಾನೆ. ಕೊನೆಗೆ ಬಳಸುವವನಿಗೆ ಹಳೇಬೀಡು ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ.

ಹಾಡಿನಲ್ಲಿ ದೋಷವಿಲ್ಲ. ತಾನಾಗಿ ಶುರುವಾಗಲಿ ಎಂದು ನೀವು ತೆರೆದಿಟ್ಟ ಬಾಗಿಲಿದೆಯಲ್ಲ, ಅದು ಅಲ್ಲಿಂದಲೇ ಒಳಗೆ ಬರುತ್ತಿದೆ. ದಯವಿಟ್ಟು ಅಂಗಡಿಯ ಮೂರು ಯಂತ್ರಗಳನ್ನೂ ಅಳಿಸಿ ಹೊಸದಾಗಿ ಮಾಡಿ. ಸೀಡಿ ವಾಪಸ್ ತರಿಸಿ. ನನಗೆ ಇಲ್ಲಿ ಮಕ್ಕಳ ಕಂಪ್ಯೂಟರ್ ಪರೀಕ್ಷೆ ಇದೆ, ಬರಲಾಗುವುದಿಲ್ಲ. ಇಮೇಲ್ ಮಾಡಬೇಡಿ. ಫೋನ್ ಮಾಡಿದರೆ ನೀವು ನನ್ನನ್ನು ಮಾತಾಡಲು ಬಿಡುವುದಿಲ್ಲ.

ದರ್ಶಿನಿ


ಹಳೇಬೀಡು
8 ಜುಲೈ 2008

ಚಿ. ದರ್ಶಿನಿಗೆ,

ನಿನ್ನ ಕೊಬ್ಬರಿ ಮಂಡಿಯ ಕಥೆ ಓದಿ, ಹುಡುಗಿ ಪಾಠ ಹೇಳಿ ಹೇಳಿ ದೊಡ್ಡಪ್ಪನಿಗೂ ಪಾಠ ಹೇಳುತ್ತಿದ್ದಾಳೆ ಎಂದು ಪತ್ರವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದೆ. ಮೊನ್ನೆ ಯುವರಾಜ್ ಬಂದ. ಬೇಲೂರು ದೇವಸ್ಥಾನದಲ್ಲಿ ಗೈಡ್ ಕೆಲಸ ಮಾಡುತ್ತಾನಲ್ಲ, ಅವನು. ಬಂದವನು ಕೂರಲಿಲ್ಲ.

"ಯಜಮಾನ್ರೇ, ನನ್ನ ಇಮೇಲು ನನ್ನನ್ನೇ ಒಳಕ್ಕೆ ಬಿಡ್ತಾ ಇಲ್ಲ. ಯಾವನೋ ಪಾಸ್‌ವರ್ಡ್ ಬದಲಾಯಿಸವನೆ."

ಅಷ್ಟೇ ಆಗಿದ್ದರೆ ಹೊಸದು ಮಾಡಿಕೊಡುತ್ತಿದ್ದೆ. ಅವನ ಹೆಸರಿನಲ್ಲಿ, ಅವನು ಇಷ್ಟು ವರ್ಷ ದೇವಸ್ಥಾನ ತೋರಿಸಿದ ಅಷ್ಟೂ ವಿದೇಶದವರಿಗೆ ಪತ್ರ ಹೋಗಿದೆ. ನಾನು ಆಸ್ಪತ್ರೆಯಲ್ಲಿದ್ದೇನೆ, ಕೈ ಬಿಡಬೇಡಿ, ಹಣ ಕಳಿಸಿ ಎಂದು. ಹಾಲೆಂಡಿನ ಒಬ್ಬ ಮುದುಕಿ ಫೋನ್ ಮಾಡಿ ಅತ್ತಳಂತೆ. ಇವನು ಗಟ್ಟಿಮುಟ್ಟಾಗಿ ಹಲೋ ಎಂದದ್ದು ಕೇಳಿ ಬೈದಳಂತೆ. ಚಳಿಗಾಲಕ್ಕೆ ಬರುತ್ತೇವೆ ಎಂದಿದ್ದವರು ಯಾರೂ ಈಗ ಉತ್ತರ ಕೊಡುತ್ತಿಲ್ಲ.

"ಬೇರೆ ಅಂಗಡೀಲೂ ಮೇಲ್ ತೆಗೀತಿದ್ದೇನಯ್ಯಾ?" ಎಂದೆ.

"ಇಲ್ಲ. ಬೇಲೂರಲ್ಲಿ ಹುಡುಗ್ರು ಹಿಂದೆ ನಿಂತು ಇಣುಕ್ತಾರೆ. ನೀವಾದ್ರೆ ನಾವು ಪಾಸ್‌ವರ್ಡ್ ಹೊಡೆಯೋವಾಗ ಮಖ ಆ ಕಡೆ ತಿರುಗಿಸ್ಕೊಂಡು ಕೂರ್ತೀರಿ. ಅದಕ್ಕೇ ಬಸ್ ಚಾರ್ಜ್ ಕೊಟ್ಕೊಂಡು ಇಲ್ಲಿಗೇ ಬರ್ತಿದ್ದೆ."

ದರ್ಶಿನಿ, ನಾನು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದೆ. ಯಂತ್ರ ನೋಡುತ್ತಿತ್ತು.

ಅಂದೇ ಅಂಗಡಿ ಮುಚ್ಚಿ ಮೂರನ್ನೂ ಅಳಿಸಿದೆ. ನೀನು ಹೋದ ವರ್ಷ ಕೊಟ್ಟಿದ್ದ ಪ್ರೋಗ್ರಾಮ್ ಸೀಡಿಗಳಿಂದಲೇ ಎಲ್ಲವನ್ನೂ ಮತ್ತೆ ಹಾಕಿದೆ. ಈಗ ಸ್ವಚ್ಛ.

ಆದರೆ ಹಂಚಿದ ಸೀಡಿಯನ್ನು ವಾಪಸ್ ಕೇಳು ಎನ್ನಬೇಡ. ಕೊಟ್ಟ ದಾನವನ್ನು ಹಿಂದಕ್ಕೆ ಕೇಳಿದವನು ನಮ್ಮ ಪೈಕಿ ಯಾರಾದರೂ ಇದ್ದರೆ ಹೆಸರು ಹೇಳು. ಅದೂ ಅವಳ ಹೆಸರಿನಲ್ಲಿ ಕೊಟ್ಟಿದ್ದನ್ನು.

ದೊಡ್ಡಪ್ಪ


ಅರಸೀಕೆರೆ
15 ಜುಲೈ 2008

ದೊಡ್ಡಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟಿದ್ದ ಸೀಡಿಗಳಲ್ಲಿ ಯಾವುದನ್ನು ಹಾಕಿದಿರಿ? ಅವು ಹಳೆಯವು, ಬಳಸಬೇಡಿ. ಬಿಸಾಡಿಬಿಡಿ. ಅಂಗಡಿ ಮತ್ತೆ ತೆರೆಯಬೇಡಿ. ನಿಮ್ಮ ಆಂಟಿವೈರಸ್ ಸುಮ್ಮನಿದ್ದರೆ ಅದನ್ನು ನಂಬಬೇಡಿ. ಇವರು ವಾರಕ್ಕೊಮ್ಮೆ ವೇಷ ಬದಲಿಸುತ್ತಾರೆ, ಹಳೆಯ ಆಂಟಿವೈರಸ್ಸಿಗೆ ಹೋದ ವರ್ಷದ ಕಳ್ಳನ ಮುಖವಷ್ಟೇ ಗೊತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಕದ್ದು, ತಿದ್ದಿ, ತನ್ನದೆಂದು ಮಾರುತ್ತಾನೆ. ಕಳ್ಳರಿಗೂ ಕಳ್ಳರ ಕಾಟ.

ಇನ್ನೊಂದು. ಸದ್ಯಕ್ಕೆ ಅರಸೀಕೆರೆಗೆ ಬರಬೇಡಿ. ಇಲ್ಲಿ ಚಿಕೂನ್‌ಗುನ್ಯಾ ಎನ್ನುತ್ತಿದ್ದಾರೆ.

ದರ್ಶಿನಿ


ಹಳೇಬೀಡು
3 ಆಗಸ್ಟ್ 2008

ಚಿ. ದರ್ಶಿನಿಗೆ,

ನಾನು ಅರಸೀಕೆರೆಗೆ ಬಂದಿದ್ದೆ. ಚಿಕೂನ್‌ಗುನ್ಯಾ ಯಾರಿಗೂ ಬಂದಿರಲಿಲ್ಲ.

ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಏಕಾಂತಯ್ಯನ ಡಿಟಿಪಿ ಅಂಗಡಿ ಇದೆಯಲ್ಲ, ಅಲ್ಲಿ ಹೊಸ ಆಂಟಿವೈರಸ್ ಸಿಗುತ್ತದೆಂದು ಹೋದೆ. ನನ್ನ ಮುಂದೆ ಗಂಡಸಿಯ ಮೇಷ್ಟ್ರು ಜಯದೇವಪ್ಪ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ನಿಂತಿದ್ದರು. ಅವರ ಪೆನ್‌ಡ್ರೈವ್ ನೋಡಿ ಏಕಾಂತಯ್ಯ, "ಮೊದ್ಲು ಆ ಕಡೆ ಮಿಷನ್ನಿಗೆ ಹಾಕ್ರಿ ಮೇಷ್ಟ್ರೇ. ಕಾಂಚನಮಾಲಾ ಹೊಕ್ಕವಳೋ ಇಲ್ವೋ ನೋಡೋಣ" ಎಂದ.

"ಅದ್ಯಾರಯ್ಯಾ ಕಾಂಚನಮಾಲಾ?"

"ಗೊತ್ತಿಲ್ವಾ? ಊರಿಗೆಲ್ಲ ಅವಳದೇ ಸುದ್ದಿ. ಹಾಡ್ ಹೇಳ್ಕೊಂಡೇ ಒಳಕ್ಕೆ ಬತ್ತಾಳೆ, ಮನೇಲಿರೋದೆಲ್ಲ ಗುಡಿಸ್ಕೊಂಡು ಹೋಯ್ತಾಳೆ."

"ಒಳ್ಳೆ ಗಯ್ಯಾಳಿ ಬುಡು," ಎಂದರು ಮೇಷ್ಟ್ರು. ಇಬ್ಬರೂ ನಕ್ಕರು. ಅಷ್ಟರಲ್ಲಿ ಯಂತ್ರ ಕಿರುಚಿತು. "ನೋಡಿ, ಅವಳೇ. ಕಳ್ಳಿ."

ಪಕ್ಕದ ಮನೆಯ ಗಿಡದಿಂದ ಕರಿಬೇವು ಕೀಳಬೇಕಾದರೂ ಅವರು ಊರಿನಲ್ಲಿಲ್ಲದಿದ್ದರೆ ಬರುವವರೆಗೆ ಒಗ್ಗರಣೆಗೆ ಹಾಕದೆ ಇರುತ್ತಿದ್ದಳು ನಿನ್ನ ದೊಡ್ಡಮ್ಮ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ವ್ರತ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಪೂರ್ತಿ ಇತ್ತು. ನಾನು ಅವಳ ಗಂಡ ಎಂದು ಅಲ್ಲಿ ಹೇಳಲಿಲ್ಲ.

ಆಮೇಲೆ ಚೀಲದಲ್ಲಿದ್ದ ಸೀಡಿಗಳನ್ನು ಒಂದೊಂದಾಗಿ ಅವನ ಯಂತ್ರಕ್ಕೆ ಹಾಕಿಸಿದೆ. ಹಾಡಿನದಕ್ಕೆ ಕಿರುಚಿತು. ನೀನು ಬಿಸಾಡಲು ಹೇಳಿದ್ದೆಯಲ್ಲ, ಸೀಡಿ ಬರೆಯುವ ಪ್ರೋಗ್ರಾಮ್ ಮತ್ತು ದುಡ್ಡು ಕೊಡದೆ ಅದರ ಬೀಗ ಒಡೆಯುವ ಪುಕ್ಕಟೆ ಕೀ ಇದ್ದದ್ದು, ನಿನ್ನ ಕೈಬರಹ ಇದ್ದದ್ದು, ಅದಕ್ಕೂ ಕಿರುಚಿತು. ಏಕಾಂತಯ್ಯ ಎರಡರಲ್ಲೂ ಇರುವುದು ಒಂದೇ ಎಂದ. ಇದು ಎಲ್ಲಿಯದು ಎಂದು ಕೇಳಿದ. ಯಾವುದೋ ಸಂತೆಯದು ಎಂದೆ.

ನಿನ್ನ ಇನ್‌ಸ್ಟಿಟ್ಯೂಟಿನ ಮೆಟ್ಟಿಲವರೆಗೆ ಬಂದೆ. ಮೇಲೆ ಮಕ್ಕಳು ಗಲಾಟೆ ಮಾಡುತ್ತಿದ್ದರು, ನೀನು ಗದರುತ್ತಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗಿದೆ.

ಊರೆಲ್ಲ ಈ ವೈರಸ್ಸನ್ನು ಅವಳ ಹೆಸರಿನಿಂದ ಕರೆಯುತ್ತಿದೆ ಎಂದು ನಿನಗೆ ಮೊದಲೇ ಗೊತ್ತಿತ್ತು, ಅಲ್ಲವೇ?

ದೊಡ್ಡಪ್ಪ


ಅರಸೀಕೆರೆ
25 ಆಗಸ್ಟ್ 2008

ಪೂಜ್ಯ ದೊಡ್ಡಪ್ಪನವರಿಗೆ,

ನಾಲ್ಕು ಸಲ ಬರೆದು ಹರಿದೆ.

ಗೊತ್ತಿತ್ತು. ನನ್ನ ಕ್ಲಾಸಿನ ಹುಡುಗಿ ಸುಷ್ಮಿತಾ, "ಮಿಸ್, ನಂಗೂ ಕಾಂಚನಮಾಲಾ ಬಂದಿದೆ" ಎಂದಾಗ ಮೊದಲು ಕೇಳಿದ್ದು. ನಕ್ಕು ಸುಮ್ಮನಾದೆ. ನಿಮಗೆ ಹೇಳುವ ಧೈರ್ಯ ಬರಲಿಲ್ಲ.

ಆ ಕೀ ಹಾಸನದ ಗೆಳತಿ ಕೊಟ್ಟದ್ದು. ಅವಳಿಗೆ ಅವಳ ಭಾವ ಕೊಟ್ಟಿದ್ದ. ಇಂಥ ಪುಕ್ಕಟೆ ಕೀಗಳೊಳಗೆ ಬೇಕೆಂದೇ ಆ ಕಳ್ಳ ಪ್ರೋಗ್ರಾಮನ್ನು ಇಟ್ಟು ಬಿಡುತ್ತಾರೆ ಎಂದು ಮೇ ತಿಂಗಳಲ್ಲಿ ನನಗೆ ತಿಳಿಯಿತು. ನನ್ನ ಯಂತ್ರಗಳನ್ನು ಸರಿ ಮಾಡಿಕೊಂಡೆ. ನಿಮಗೂ ಅದನ್ನೇ ಕೊಟ್ಟಿದ್ದೇನೆ ಎಂದು ಗೊತ್ತಿದ್ದೂ, ಸೀಡಿಯಲ್ಲಿ ವೈರಸ್ ಇದೆ ಎಂದಷ್ಟೇ ಬರೆದೆ, ಯಾರಿಂದ ಬಂತು ಎಂದು ಬರೆಯಲಿಲ್ಲ. ಇನ್ನೊಬ್ಬರ ಬೀಗವನ್ನು ನಾವು ಪುಕ್ಕಟೆ ಕೀಲಿಯಿಂದ ತೆಗೆದೆವು, ಕಳ್ಳ ಅದೇ ಕೀಲಿ ಹಿಡಿದು ನಮ್ಮ ಮನೆಗೆ ಬಂದ.

ಯೋಚಿಸಿದರೆ ಹುಚ್ಚು ಹಿಡಿಯುತ್ತದೆ ದೊಡ್ಡಪ್ಪ. ಈ ಊರುಗಳಲ್ಲಿ ಇದು ಯಾರಿಗೂ ಕಳ್ಳನಿಂದ ಬಂದಿಲ್ಲ. ಅಕ್ಕ ತಂಗಿಗೆ, ಮೇಷ್ಟ್ರು ಮಕ್ಕಳಿಗೆ, ನಾನು ನಿಮಗೆ, ನೀವು ಬಸದಿಗೆ ಬಂದವರಿಗೆ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟದ್ದು.

ಏಕಾಂತಯ್ಯನಿಗೆ ನನ್ನ ಹೆಸರು ಹೇಳಿಬಿಡಿ. ಇನ್‌ಸ್ಟಿಟ್ಯೂಟ್ ಮುಚ್ಚಿದರೆ ಮುಚ್ಚಲಿ. ಹಾಡಷ್ಟನ್ನೇ ತೆಗೆದು ಸ್ವಚ್ಛವಾದ ಸೀಡಿ ನಾನೇ ಮಾಡಿಕೊಡುತ್ತೇನೆ, ಮತ್ತೆ ಹಂಚಿ.

ದರ್ಶಿನಿ


ಹಳೇಬೀಡು
18 ಸೆಪ್ಟೆಂಬರ್ 2008

ಚಿ. ದರ್ಶಿನಿಗೆ,

ದಶಲಕ್ಷಣ ಪರ್ವದಲ್ಲಿ ಕೋಪ ಮಾಡಬಾರದೆಂದು ಆ ಹತ್ತು ದಿನ ನಿನಗೆ ಬರೆಯಲಿಲ್ಲ. ಈಗ ಮುಗಿದಿದೆ, ಬರೆಯುತ್ತೇನೆ.

ಸ್ವಚ್ಛವಾದ ಸೀಡಿ ಬೇಡ. ಆ ಹೆಸರಿರುವ ಸೀಡಿಯನ್ನು ಈ ಸೀಮೆಯಲ್ಲಿ ಇನ್ನು ಯಾರು ಯಂತ್ರಕ್ಕೆ ಹಾಕುತ್ತಾರೆ?

ಮೊನ್ನೆ ಕ್ಷಮಾವಳಿಯ ದಿನ, ಎಲ್ಲರೂ ಎಲ್ಲರಲ್ಲಿ ತಪ್ಪು ಒಪ್ಪಿಕೊಳ್ಳುವ ದಿನವಲ್ಲವೇ, ಇಂದೇ ಸೀಡಿ ಕೇಳಿಬಿಡೋಣ ಎಂದು ಹೊರಟೆ. ಮೊದಲು ಭರತೇಶನ ಮನೆ.

"ಭರತೇಶ, ನನ್ನಿಂದ ದೊಡ್ಡ ತಪ್ಪಾಗಿದೆ ಕಣೋ."

"ನಮ್ಮಿಂದ್ಲೂ ಆಗಿರುತ್ತೆ ಮಾವ. ಉತ್ತಮ ಕ್ಷಮಾ."

"ಹಾಗಲ್ಲ. ನಿಜವಾಗಿ ಆಗಿದೆ."

"ಎಲ್ರದ್ದೂ ನಿಜವಾಗೇ ಆಗೋದು ಮಾವ. ಕೂತ್ಕೊಳ್ಳಿ, ಪಾನಕ ತರ್ತಾಳೆ."

"ಪಾನಕ ಬೇಡ. ನಾನು ಕೊಟ್ಟ ಸೀಡಿ ವಾಪಸ್ ಕೊಡು."

ಅವನ ಮುಖ ಸಪ್ಪಗಾಯಿತು. "ಯಾರೇನಂದ್ರು ಮಾವ ನಿಮ್ಗೆ? ನಮ್ಮ ಮನೆಯವಳು ಏನಾದ್ರೂ ಅಂದ್ಲಾ? ಕ್ಷಮಾವಳಿ ದಿನ ಇಷ್ಟು ಸಿಟ್ಟು ಇಟ್ಕೋಬಾರ್ದು."

ಮೂರು ಮನೆಯಲ್ಲೂ ಇದೇ. ತಪ್ಪಾಗಿದೆ ಎಂದರೆ ಪಾನಕ ಕೊಡುತ್ತಾರೆ, ಸೀಡಿ ಎಂದರೆ ಅಳುವ ಮುಖ ಮಾಡುತ್ತಾರೆ. ವರ್ಷಕ್ಕೊಮ್ಮೆ ಇಷ್ಟು ಚೆನ್ನಾಗಿ ಕ್ಷಮಿಸುವ ಜನರ ಮುಂದೆ ನಿಜವಾದ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಪಾನಕ ಕುಡಿದು ಕುಡಿದು ಹೊಟ್ಟೆ ಉಬ್ಬರಿಸಿತು.

ಕೊನೆಗೆ ಬಸದಿಗೆ ಹೋಗಿ, ಎಲ್ಲರೂ ಸೇರಿದ್ದಾಗ ಮೈಕು ಇಸಿದುಕೊಂಡೆ. "ನಾನು ಹಂಚಿದ ಸೀಡಿಯಲ್ಲಿ ಕಳ್ಳನಿದ್ದಾನೆ. ಅವನನ್ನು ಕರೆದುಕೊಂಡು ಬಂದವನು ನಾನು. ಯುವರಾಜನ ಬಾಳಿಗೆ ಮಣ್ಣು ಹಾಕಿದ್ದು ನನ್ನ ಅಂಗಡಿ. ಹಾಡಿದವಳು ಏನೂ ಮಾಡಿಲ್ಲ. ಅದಕ್ಕೆ ಹೆಸರಿಟ್ಟು ಕರೆಯಲೇಬೇಕೆಂದರೆ ಚಂದ್ರರಾಜ ಎಂದು ಕರೆಯಿರಿ," ಎಂದೆ. ಒಬ್ಬರೂ ಉತ್ತಮ ಕ್ಷಮಾ ಎನ್ನಲಿಲ್ಲ. ಆಗ ನನಗೆ ಮಾತು ತಲುಪಿತು ಎಂದು ಸಮಾಧಾನವಾಯಿತು. ಸಂಜೆಯೊಳಗೆ ಸೀಡಿಗಳು ಒಂದೊಂದಾಗಿ ಅಂಗಡಿಯ ಜಗಲಿಗೆ ಬಂದವು. ಭರತೇಶ ತನ್ನದನ್ನು ಮಾತಾಡದೆ ಇಟ್ಟುಹೋದ.

ನಿನ್ನೆ ಏಕಾಂತಯ್ಯನ ಹತ್ತಿರವೂ ಹೋಗಿ ಅಷ್ಟನ್ನೇ ಹೇಳಿದೆ. ನಾನು ಅವಳ ಗಂಡ ಎಂದೂ ಹೇಳಿದೆ. ಅವನು ಸ್ಟೂಲಿನಿಂದ ಎದ್ದು ನಿಂತ. "ನಿಮಗೆ ಯಾರು ಕೊಟ್ರು ಯಜಮಾನ್ರೇ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಪರ್ವದಲ್ಲಿ ಉತ್ತಮ ಸತ್ಯದ ಪೂಜೆ ಮಾಡಿ ಹದಿನೈದು ದಿನವಾಗಿಲ್ಲ, ಆಗಲೇ ಸುಳ್ಳು. ನೀನು ಈಗ ಬಾಯಿ ಬಿಟ್ಟು ಅದನ್ನೂ ಹಾಳು ಮಾಡಬೇಡ. ಇನ್‌ಸ್ಟಿಟ್ಯೂಟ್ ನಡೆಸು. ಮಕ್ಕಳಿಗೆ ಪುಕ್ಕಟೆ ಕೀ ಮುಟ್ಟಬಾರದೆಂದು ಹೇಳಿಕೊಡು. ನನ್ನ ಅಂಗಡಿ ಇನ್ನು ಬರಿಯ ಜೆರಾಕ್ಸ್ ಅಂಗಡಿ.

ದೊಡ್ಡಪ್ಪ


ಅರಸೀಕೆರೆ
6 ಅಕ್ಟೋಬರ್ 2008

ದೊಡ್ಡಪ್ಪ,

ನಿಮ್ಮ ಮಾತು ಕೇಳಲಿಲ್ಲ. ಕ್ಲಾಸಿನಲ್ಲಿ ಎಲ್ಲ ಹೇಳಿದೆ. ಮೂವರು ಬಿಟ್ಟು ಹೋದರು, ಉಳಿದವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಏಕಾಂತಯ್ಯನಿಗೂ ಹೋಗಿ ಹೇಳಿದೆ. ಅವನು ನನ್ನನ್ನೇ ಸಮಾಧಾನ ಮಾಡಿದ. "ಬುಡಿ ಮೇಡಂ, ನಿಮ್ಮ ದೊಡ್ಡಪ್ಪಾರನ್ನ ಉಳಿಸಕ್ಕೆ ನೀವು ಮೈಮೇಲೆ ಹಾಕ್ಕೋತಿದೀರಿ. ಅವರೇ ಒಪ್ಕೊಂಡವ್ರೆ." ಆಣೆ ಮಾಡಿದರೂ ನಂಬಲಿಲ್ಲ. ತಪ್ಪು ನನ್ನದು ಎಂದು ಇನ್ನು ಯಾರಿಗೆ ಹೇಳಬೇಕೋ ಗೊತ್ತಿಲ್ಲ.

ನಿನ್ನೆ ಒಬ್ಬ ಗಿರಾಕಿ ಪೆನ್‌ಡ್ರೈವ್ ಹಿಡಿದು ಬಂದು, "ಮೇಡಂ, ನೋಡ್ರಿ, ಚಂದ್ರರಾಜ ಬಂದವ್ನೆ" ಎಂದ. ನಾನು ಬಚ್ಚಲಿಗೆ ಹೋಗಿ ಅತ್ತೆ.

ದೊಡ್ಡಮ್ಮನ ಹೆಸರನ್ನು ಇಲ್ಲಿ ಈಗ ಯಾರೂ ಎತ್ತುವುದಿಲ್ಲ.

ದರ್ಶಿನಿ


ಹಳೇಬೀಡು
14 ಅಕ್ಟೋಬರ್ 2008

ಚಿ. ದರ್ಶಿನಿಗೆ,

ಅಳುವಂಥದ್ದೇನಿದೆ? ಅರಸೀಕೆರೆಯಲ್ಲಿ ನನ್ನ ಹೆಸರು ಇಷ್ಟು ಜನರ ಬಾಯಲ್ಲಿ ಇನ್ಯಾವಾಗ ಇತ್ತು? ಯುವರಾಜ್ ಮಾತ್ರ ಇನ್ನೂ ನನ್ನ ಅಂಗಡಿಯ ಮುಂದೆ ಹಾಯುವಾಗ ಆ ಕಡೆಯ ಗೋಡೆ ನೋಡಿಕೊಂಡು ಹೋಗುತ್ತಾನೆ. ಅವನ ಗಿರಾಕಿಗಳಿಗೆಲ್ಲ ನಾನೇ ಕೈಯಿಂದ ಪತ್ರ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಇಂಗ್ಲಿಷ್ ತಪ್ಪಿರಬಹುದು. ಹಾಲೆಂಡಿನ ಮುದುಕಿಗೆ ಎರಡು ಸಲ ಬರೆದೆ.

ಒಂದು ಸೀಡಿ ಬಂದಿರಲಿಲ್ಲ. ಹುಲಿಕೆರೆಯ ಲಕ್ಕಮ್ಮನದು. ನಿನ್ನ ದೊಡ್ಡಮ್ಮನ ಜೊತೆ ನಮ್ಮ ಮನೆಯಲ್ಲಿ ಬಹಳ ಕಾಲ ಕೆಲಸ ಮಾಡಿದವಳು, ಶ್ರುತಪಂಚಮಿಯ ದಿನ ಬಸದಿಯ ಹೊರಗೆ ನಿಂತು ಕೇಳಿ ಇಸಿದುಕೊಂಡಿದ್ದಳು. ನಿನ್ನೆ ಹೋದೆ. ದೇವರ ಗೂಡಿನಲ್ಲಿ, ದೀಪದ ಪಕ್ಕ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು.

"ಹಾಡು ಕೇಳಿದ್ಯೇನೇ ಲಕ್ಕಮ್ಮ?"

"ನಮ್ಮನೇಲಿ ಮಿಷನ್ ಎಲ್ಲೈತೆ ಸ್ವಾಮಿ. ಅಮ್ಮಾರ ಹೆಸರೈತಲ್ಲ ಅದರ ಮ್ಯಾಲೆ. ದಿನಾ ಕೈ ಮುಗೀತೀನಿ. ದೀಪಾವಳಿಗೆ ಮಗಳ ಮಗ ಕಂಪೂಟ್ರು ತತ್ತಾನಂತೆ, ಆವಾಗ ಕೇಳ್ತೀನಿ."

ಸೀಡಿ ವಾಪಸ್ ಕೇಳಬೇಕಿತ್ತು. ಕೇಳಲು ಬಾಯಿ ತೆರೆದೆ. ಅವಳು ಸೆರಗಿನಿಂದ ಅದರ ಧೂಳು ಒರೆಸಿ ನನ್ನ ಕೈಗೆ ಕೊಟ್ಟಳು, ನೋಡಿಕೊಳ್ಳಲಿ ಎಂದು. ಕಾಫಿ ಕಾಯಿಸಲು ಒಳಗೆ ಹೋದಳು. ನಾನು ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು, ಸೀಡಿ ಮಗುಚಿ, ಹೊಳೆಯುವ ಮಗ್ಗುಲಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಒತ್ತಿ ಗೀರಿದೆ. ಎರಡು ಸಲ, ಮೂರು ಸಲ. ಇನ್ನು ಅದರೊಳಗಿಂದ ಕಳ್ಳನೂ ಬರಲಾರ, ನಿನ್ನ ದೊಡ್ಡಮ್ಮನ ದನಿಯೂ ಬಾರದು.

ಮೇಲಿನ ಹೆಸರಿಗೆ ಏನೂ ಆಗಿಲ್ಲ. ಗೂಡಿನಲ್ಲಿ ಇದ್ದ ಹಾಗೇ ಇಟ್ಟೆ. ಲಕ್ಕಮ್ಮ ಕಾಫಿ ತಂದು, "ಇರ್ಲಿ ಅಲ್ವಾ ಸ್ವಾಮಿ?" ಎಂದಳು. ಇರಲಿ ಎಂದೆ.

ದೊಡ್ಡಪ್ಪ